ಆದರ್ಶ ಕಳ್ಕೊಂಡೋನಿಗೆ ಕಣ್ಣೀರು, ಜೀವ ಕಳ್ಕೊಂಡೋಳಿಗೆ?

'ದಿ ಐಡ್ಸ್ ಆಫ್ ಮಾರ್ಚ್' ಅಂತ ಒಂದು ಸಿನಿಮಾ ಇದೆ, 2011ರದ್ದು. ಜಾರ್ಜ್ ಕ್ಲೂನಿ ನಿರ್ದೇಶನ ಮಾಡಿ ತಾನೂ ನಟಿಸಿದ್ದಾನೆ. ಚಳವಳಿಯಿಂದ ಪಕ್ಷಗಳ ಪ್ರಚಾರದ ಕೆಲಸಕ್ಕೆ ಹೋಗ್ತಿರೋ ನಮ್ಮ ಹುಡುಗ ಹುಡುಗಿಯರು ಇದನ್ನ ಒಮ್ಮೆ ನೋಡ್ಬೇಕು. (ಕಥೆ ಪೂರ್ತಿ ಹೇಳ್ತಿದೀನಿ. ನೋಡದೆ ಇರೋರು ನೋಡ್ಕೊಂಡು ಬಂದು ಓದಿ.)

ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆಗೆ ಮುಂಚೆ ಪಕ್ಷದೊಳಗೇ ಒಂದು ಚುನಾವಣೆ ನಡೆಯುತ್ತೆ. ಅದಕ್ಕೆ ಪ್ರೈಮರಿ ಅಂತಾರೆ. ಓಹಾಯೋದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಗವರ್ನರ್ ಮೈಕ್ ಮಾರಿಸ್ ನಿಂತಿದ್ದಾನೆ. ನಾನು ಕ್ರೈಸ್ತನೂ ಅಲ್ಲ, ನಾಸ್ತಿಕನೂ ಅಲ್ಲ, ನನ್ನ ನಂಬಿಕೆ ಸಂವಿಧಾನ ಅನ್ನೋ ಅರ್ಥದ ಮಾತಾಡ್ತಾನೆ. ಸಂವಿಧಾನ ಅಂದ ತಕ್ಷಣ ನಮ್ಮಂಥವರ ಕಿವಿ ನೆಟ್ಟಗಾಗುತ್ತೆ ಅಲ್ವಾ?

ಆದರೆ ಗಮನಿಸಿ. ಈ ಮಾತು ಸಿನಿಮಾದಲ್ಲಿ ಮೊದಲು ಬರೋದು ಮಾರಿಸ್ ಬಾಯಲ್ಲಿ ಅಲ್ಲ. ಅವನ ಪ್ರಚಾರ ನೋಡ್ಕೊಳ್ಳೋ ಸ್ಟೀಫನ್ ಅನ್ನೋ ಯುವಕ ಖಾಲಿ ವೇದಿಕೆ ಮೇಲೆ ನಿಂತು ಮೈಕ್ ಟೆಸ್ಟ್ ಮಾಡೋಕೆ ಅದನ್ನ ಹೇಳ್ತಾನೆ. ಒಬ್ಬರು ಪ್ರಾಣ ಇಟ್ಕೊಂಡು ನಂಬೋ ಮಾತು ಇನ್ನೊಬ್ಬರಿಗೆ ಮೈಕ್ ಟೆಸ್ಟು. ಇಡೀ ಸಿನಿಮಾ ಅಲ್ಲೇ ಇದೆ.

ಇದು ಬೋ ವಿಲ್ಲಿಮನ್ ಬರೆದ ನಾಟಕದಿಂದ ಬಂದ ಸಿನಿಮಾ. ವಿಲ್ಲಿಮನ್ 2004ರಲ್ಲಿ ಹೊವಾರ್ಡ್ ಡೀನ್ ಪ್ರಚಾರದಲ್ಲಿ ದುಡಿದವನು. ಒಳಗಿನ ಮನೆ ನೋಡಿದವನ ಬರವಣಿಗೆ ಅಂತ ಗೊತ್ತಾಗುತ್ತೆ.

ವಿಮರ್ಶೆಗಳಲ್ಲಿ ಎಲ್ಲರೂ ಬರೆಯೋದು ಸ್ಟೀಫನ್ ಬಗ್ಗೆ. ಪಾಪ, ಒಳ್ಳೆ ಹುಡುಗ, ಹೇಗೆ ಕೆಟ್ಟುಹೋದ ಅಂತ. ನನಗೆ ಕಾಡಿದ್ದು ಮಾಲಿ. ಪ್ರಚಾರ ಕಚೇರಿಯ ಇಂಟರ್ನ್, ಚಿಕ್ಕ ಹುಡುಗಿ. ಅವಳು ಗರ್ಭಿಣಿ. ಕಾರಣ ಸಂವಿಧಾನದ ಭಾಷಣ ಮಾಡೋ ಅದೇ ಗವರ್ನರ್. ಅವಳಿಗೆ ಬೇಕಾಗಿದ್ದು 900 ಡಾಲರ್. ಅಷ್ಟು ದೊಡ್ಡ ಪ್ರಚಾರದಲ್ಲಿ ಅದು ಯಾವ ಲೆಕ್ಕ? ಆದ್ರೆ ಕೇಳೋಕೆ ಅವಳಿಗೆ ಜಾಗವೇ ಇಲ್ಲ. ಸ್ಟೀಫನ್ ದುಡ್ಡು ಹೊಂದಿಸಿಕೊಡ್ತಾನೆ, ಕೆಲಸ ಬಿಟ್ಟು ಊರಿಗೆ ಹೋಗು ಅಂತಾನೆ. ಕ್ಲಿನಿಕ್ಕಿಗೆ ಬಿಟ್ಟವನು ತನ್ನ ಕುರ್ಚಿ ಅಲುಗಾಡಿದ ತಕ್ಷಣ ಅವಳನ್ನ ಮರೀತಾನೆ. ಅವಳು ಹೋಟೆಲ್ ಕೋಣೆಯಲ್ಲಿ ಸಾಯ್ತಾಳೆ. ಆ ಸಾವನ್ನೇ ಇಟ್ಕೊಂಡು ಸ್ಟೀಫನ್ ಗವರ್ನರ್‌ನ ಹೆದರಿಸಿ ತನ್ನ ಮೇಲಿನವನ ಕೆಲಸ ಕಿತ್ಕೋತಾನೆ. ಅವಳ ಹೆಣವೂ ಅವನಿಗೆ ಮೆಟ್ಟಿಲು.

ಇನ್ನೊಂದು ಮಾತು. ಸೆನೆಟರ್ ಥಾಂಪ್ಸನ್ ಕೈಯಲ್ಲಿ 356 ಪ್ರತಿನಿಧಿಗಳಿದ್ದಾರೆ. ಅವನು ಯಾರ ಕಡೆ ವಾಲಿದರೆ ಅವರೇ ಗೆದ್ದ ಹಾಗೆ. ಪಾತ್ರ ಮಾಡಿರೋದು ಕಪ್ಪು ನಟ ಜೆಫ್ರಿ ರೈಟ್. ಬೆಂಬಲಕ್ಕೆ ಬೆಲೆ ಕೇಳೋನು ಅಂತ ಮಾರಿಸ್ ಅವನನ್ನ ದೂರ ಇಡ್ತಾನೆ, ತತ್ವದ ಮಾತಾಡ್ತಾನೆ. ಕೊನೆಗೆ ತನ್ನ ಗುಟ್ಟು ಉಳಿಸ್ಕೊಳ್ಳೋಕೆ ಅದೇ ಥಾಂಪ್ಸನ್ ಜೊತೆ ಕೈ ಕುಲುಕ್ತಾನೆ. ನನ್ನ ಕೇಳಿದ್ರೆ ಅವರಿಬ್ಬರಲ್ಲಿ ಥಾಂಪ್ಸನ್ನೇ ವಾಸಿ. ಅವನು ಬೆಲೆ ಬಾಯಿಬಿಟ್ಟು ಹೇಳ್ದ. ಮಾರಿಸ್ ಬೆಲೆ ಮುಚ್ಚಿಟ್ಕೊಂಡಿದ್ದ, ಅಷ್ಟೇ.

ರಾಜಕೀಯ ಅಂದ್ರೇನೇ ಹೀಗೆ ಕಣ್ರಿ ಅಂತ ಕೆಲವರು ಹೇಳ್ತಾರೆ. ಒಪ್ಪಲ್ಲ. ಬಾಬಾಸಾಹೇಬರು ಹಿಂದೂ ಕೋಡ್ ಬಿಲ್ ವಿಚಾರಕ್ಕೆ 1951ರಲ್ಲಿ ಕಾನೂನು ಮಂತ್ರಿ ಸ್ಥಾನ ಬಿಟ್ಟು ಬಂದರು. ಮರುವರ್ಷ ಮುಂಬೈಯಲ್ಲಿ ಲೋಕಸಭೆಗೆ ನಿಂತು ಸೋತರು. 1954ರಲ್ಲಿ ಭಂಡಾರಾದಲ್ಲೂ ಸೋತರು. ಹೆಣ್ಣುಮಕ್ಕಳ ಆಸ್ತಿ ಹಕ್ಕಿಗೆ, ವಿಚ್ಛೇದನದ ಹಕ್ಕಿಗೆ ಕುರ್ಚಿ ಬಿಟ್ಟವರು ಅವರು. ಮಾರಿಸ್ ಕುರ್ಚಿಗೋಸ್ಕರ ಒಬ್ಬ ಹೆಣ್ಣುಮಗಳನ್ನ ಬಿಟ್ಟ. ಅವರು ಸೋತರು, ಇವನು ಗೆದ್ದ. ಇವತ್ತು ಯಾರ ಮಾತು ಉಳಿದಿದೆ ನೋಡ್ಕೊಳ್ಳಿ.

ಪ್ರಚಾರಕ್ಕೆ ಹೋಗ್ಬೇಡಿ ಅಂತ ನಾನು ಹೇಳ್ತಿಲ್ಲ. ಹೋಗಿ. ಅಧಿಕಾರ ನಮಗೂ ಬೇಕು. ಆದರೆ ನಾಯಕ ವೇದಿಕೆ ಮೇಲೆ ಸಂವಿಧಾನದ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡ್ತಾನೆ ಅಂತ ನೋಡ್ಬೇಡಿ. ಅವನ ಕಚೇರಿಯಲ್ಲಿ ಕಾಫಿ ತರೋ ಹುಡುಗಿಗೆ, ಬ್ಯಾನರ್ ಕಟ್ಟೋ ಹುಡುಗನಿಗೆ ಕಷ್ಟ ಬಂದ್ರೆ ಹೇಳ್ಕೊಳ್ಳೋಕೆ ಜಾಗ ಇದೆಯಾ ನೋಡಿ. ಇಲ್ಲ ಅಂದ್ರೆ ಆ ಭಾಷಣ ಬರೀ ಮೈಕ್ ಟೆಸ್ಟು.

ಜೈ ಭೀಮ್.