ನಕ್ಷತ್ರ ಮಾರಿದ ದುಡ್ಡು

ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ಬೆಳುಂಕಿ ಸೀಮೆಯ ಕನ್ನಡ ಹಳ್ಳಿಗಳಲ್ಲಿ ಪುಸ್ತಕಕ್ಕೇ ಅಂತ ಒಂದು ಅಂಗಡಿ ಇಡುವ ರೂಢಿ ಇಲ್ಲ. ಪಾಟಿ, ಪೆನ್ಸಿಲು, ಪಂಚಾಂಗ ಎಲ್ಲವೂ ಕಿರಾಣಿ ಅಂಗಡಿಯಲ್ಲೇ, ಸಾಬೂನಿನ ಪಕ್ಕ. ಅದಕ್ಕಿಂತ ಹೆಚ್ಚಿನದು ಬೇಕಾದರೆ ಜಾತ್ರೆಗೆ ಕಾಯಬೇಕು, ಇಲ್ಲವೇ ಮಿರಜದ ದಾರಿ ಹಿಡಿಯಬೇಕು. ಚಳಿಗಾಲದಲ್ಲಿ ಜಾತ್ರೆಗಳಿಗೇನೂ ಬರವಿಲ್ಲ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಜಾತ್ರೆ. ವಿಜಯಪುರ, ಬಾಗಲಕೋಟೆ ಕಡೆಯ ಜನ ನಡೆದೇ ಬರುತ್ತಾರೆ. ಆ ಧೂಳು ಅಡಗುವಷ್ಟರಲ್ಲಿ ಜತ್ತದ ಯಲ್ಲಮ್ಮನ ಜಾತ್ರೆ, ದನದ ಪೇಟೆ. ಆಮೇಲೆ ಎಳ್ಳಮಾವಾಸ್ಯೆ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ ಉಂಡು ಬಿಳಿಜೋಳದ ನೆರಳಲ್ಲಿ ಒರಗುವ ಹಬ್ಬ. ಈ ಅಮಾವಾಸ್ಯೆಗಳ ಸಾಲಿನ ನಡುವೆ, ತಿಥಿ ನಕ್ಷತ್ರ ಏನೂ ಕೇಳದೆ, ಡಿಸೆಂಬರ್ 25ಕ್ಕೆ ನಾತಾಳ, ಅಂದರೆ ಕ್ರಿಸ್ಮಸ್, ಬಂದು ಕೂತಿರುತ್ತದೆ.

ನಮ್ಮ ಕಡೆಯವರಿಗೆ ಮಿರಜ ಮೊದಲು ದವಾಖಾನೆ, ಆಮೇಲೆ ರೈಲು, ಕಡೆಗೆ ಸಂಗೀತ. ಸಿತಾರ, ತಂಬೂರಿ ಮಾಡುವವರ ಓಣಿ, ಅಬ್ದುಲ್ ಕರೀಂ ಖಾನರ ಸಮಾಧಿ ಇರುವ ಮೀರಾಸಾಹೇಬರ ದರ್ಗಾ ಇವನ್ನೆಲ್ಲ ನೋಡಲು ದೂರದವರು ಬರುತ್ತಾರೆ. ನಾವು ಹೋಗುವುದು ಎಕ್ಸ್‌ರೇ ತೆಗೆಸಲಿಕ್ಕೆ. ಕೆನಡಾದಲ್ಲಿ ಹುಟ್ಟಿದ ವಿಲಿಯಂ ವಾನ್ಲೆಸ್ ಎಂಬ ಮಿಷನರಿ ಡಾಕ್ಟರು 1894ರಲ್ಲಿ ಇಲ್ಲಿ ಆಸ್ಪತ್ರೆ ತೆರೆದರು. ಅಂದಿನಿಂದ ಅಥಣಿ, ಚಿಕ್ಕೋಡಿ, ವಿಜಯಪುರ, ಜತ್ತ ಸೀಮೆಯ ಮನೆಮನೆಯಲ್ಲೂ ಮಿರಜಕ್ಕೆ ಹೋಗಿ ಬಂದವರ ಕತೆಯೊಂದು ಇದ್ದೇ ಇದೆ. ರೋಗಿ ಒಳಗೆ ಮಲಗಿದ್ದರೆ ಜೊತೆಗೆ ಬಂದವರಿಗೆ ಕೆಲಸವಿರುವುದಿಲ್ಲ. ಚಹಾ ಕುಡಿಯುತ್ತಾರೆ, ರಸ್ತೆ ಅಳೆಯುತ್ತಾರೆ, ಕೊಳ್ಳುವ ಉದ್ದೇಶವಿಲ್ಲದೆ ಅಂಗಡಿಗಳೊಳಗೆ ಇಣುಕುತ್ತಾರೆ. ಅಂಥ ತಿರುಗಾಟದಲ್ಲೇ ಕ್ರೈಸ್ತ ಪುಸ್ತಕ ಮತ್ತು ಉಡುಗೊರೆಗಳ ಆ ಸಣ್ಣ ಅಂಗಡಿ ನನಗೆ ಗಂಟುಬಿದ್ದದ್ದು. ಈಗ ಯಾರಿಗೂ ಕಾಯಿಲೆ ಇಲ್ಲದಿದ್ದರೂ ಡಿಸೆಂಬರಿನಲ್ಲಿ ಒಮ್ಮೆ ಹೋಗಿ ಬರುತ್ತೇನೆ.

ಅಂಗಡಿ ಅಂದರೆ ಒಂದೇ ಶಟರಿನ ಖೋಲಿ. ಹನ್ನೊಂದು ತಿಂಗಳು ಅದು ಪುಸ್ತಕದಂಗಡಿ. ಮಾಲೀಕರು ಪೇಪರ್ ಓದುತ್ತ ಕೂತಿರುತ್ತಾರೆ, ಅದನ್ನು ಮುಗಿಸಿ ಮಾರಬೇಕಾದ ಪುಸ್ತಕಗಳನ್ನೂ ಓದುತ್ತಾರೆ. ಡಿಸೆಂಬರ್ ಹುಟ್ಟಿತೋ, ಪುಸ್ತಕಗಳೆಲ್ಲ ಹಿಂದಿನ ಗೋಡೆಗೆ ಸರಿದು ಮುಂಭಾಗವನ್ನು ನಕ್ಷತ್ರಗಳಿಗೆ ಬಿಟ್ಟುಕೊಡುತ್ತವೆ. ಮಡಚುವ ಕಾಗದದ ನಕ್ಷತ್ರ, ಮಳೆ ಇಬ್ಬನಿಗೆ ಜಗ್ಗದ ಪ್ಲಾಸ್ಟಿಕ್ಕಿನದು, ಮೈತುಂಬ ಎಲ್‌ಇಡಿ ಚುಚ್ಚಿಸಿಕೊಂಡದ್ದು. ದೀಪಾವಳಿಗೆ ಪೇಟೆಯಲ್ಲಿ ಆಕಾಶಬುಟ್ಟಿಯೊಳಗೆ ಉರಿದ ಬಲ್ಬು, ಹೋಲ್ಡರು, ವಾಯರುಗಳೇ ಈಗ ನಕ್ಷತ್ರದ ಹೊಟ್ಟೆ ಸೇರುತ್ತವೆ. ಫ್ರೇಮುಗಳ ಕತೆಯೂ ಅಷ್ಟೇ. ಗುಡ್ಡಾಪುರದ ಜಾತ್ರೆಯಲ್ಲಿ ಕಂಡ ಅದೇ ಬಂಗಾರಬಣ್ಣದ ಬಳ್ಳಿಯ ಕಟ್ಟು, ಒಳಗೆ ಮಾತ್ರ ದಾನಮ್ಮನ ಬದಲು ಹೆಗಲ ಮೇಲೆ ಕುರಿಮರಿ ಹೊತ್ತ ಯೇಸು. ಎರಡೂ ಒಂದೇ ಹೋಲ್‌ಸೇಲ್ ಅಂಗಡಿಯಿಂದ ಬರುತ್ತವೆ ಅಂತ ಕಾಕಾ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಮಾಲೀಕರಿಗೆ ಮಿರಜದವರೂ ಕಾಕಾ ಅನ್ನುತ್ತಾರೆ, ನಾವೂ ಕಾಕಾ ಅನ್ನುತ್ತೇವೆ.

ಆಮೇಲೆ ಗೋದಲಿ. ಅಸ್ಸಿಸಿಯ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ನಿಜವಾದ ಹುಲ್ಲು, ಎತ್ತು, ಕತ್ತೆ ತರಿಸಿ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ ಮಾಡಿಸಿದ್ದರಂತೆ. ಎಂಟು ನೂರು ವರ್ಷದಲ್ಲಿ ಅದು ಸಣ್ಣದಾಗುತ್ತ ಆಗುತ್ತ ರಟ್ಟಿನ ಡಬ್ಬಿಯೊಳಗೆ ಕೂತಿದೆ: ಕೂಸು, ತಾಯಿ, ತಂದೆ, ಮೂವರು ಜ್ಞಾನಿಗಳು, ಇಬ್ಬರು ಕುರುಬರು, ಒಬ್ಬ ದೇವದೂತ, ನಾಲ್ಕೈದು ಜೀವಾದಿ. ಒಂದು ಸಲ ನಮ್ಮ ಜತ್ತ ಕಡೆಯ ಒಂದು ಕುಟುಂಬ ಈ ಸೆಟ್ಟು ಕೊಳ್ಳುತ್ತಿತ್ತು. ಅಪ್ಪ ರೇಟಿಗೆ ಜಗ್ಗಾಡುತ್ತಿದ್ದ. ಮಗ, ಎಂಟೊಂಬತ್ತು ವರ್ಷದವನಿರಬೇಕು, ಪ್ಲಾಸ್ಟರಿನ ಕುರಿಯೊಂದನ್ನು ಅಂಗೈಯಲ್ಲಿಟ್ಟು ಕತ್ತು, ಕಿವಿ, ಕಾಲು ಎಲ್ಲ ಪರೀಕ್ಷೆ ಮಾಡಿದ. ಸಂತೆಯಲ್ಲಿ ಹಿರಿಯರು ಮಾಡುವ ಕ್ರಮದಲ್ಲೇ ಮಾಡಿದ. ಬಾಯಿ ಬಿಡಿಸಿ ಹಲ್ಲು ಎಣಿಸುವುದೊಂದು ಆಗಲಿಲ್ಲ.

“ಕಾಕಾ, ಇದ ಮಾಡಗ್ಯಾಳ ಕುರಿ ಅಲ್ಲರಿ.”

“ಯಾಕಪಾ?”

“ಮೂಗ ನೆಟ್ಟಗೈತಿ. ಮೈತುಂಬ ಉಣ್ಣಿ ಐತಿ. ಇದಕ್ಕ ಯಾರ ರೊಕ್ಕಾ ಕೊಡತಾರ?”

ಹುಡುಗನ ಮಾತಿನಲ್ಲಿ ಹುರುಳಿತ್ತು. ಮಾಡಗ್ಯಾಳ ಜತ್ತ ತಾಲೂಕಿನದೇ ಊರು. ಅಲ್ಲಿನ ಕುರಿ ಅಂದರೆ ಎತ್ತರದ ನಿಲುವು, ಬಿಳಿ ಮೈಮೇಲೆ ಕಂದು ಮಚ್ಚೆ, ಗಿಣಿಯ ಹಾಗೆ ಬಾಗಿದ ಮೂಗು. ಆ ಮೂಗಿನ ಬಾಗು ನೋಡಿಯೇ ಸಂತೆಯಲ್ಲಿ ಬೆಲೆ ಏರುವುದು. ಒಳ್ಳೆಯ ಟಗರು ಲಕ್ಷಗಳಲ್ಲಿ ಮಾರಿದ ಸುದ್ದಿ ಪೇಪರಿನಲ್ಲಿ ಬರುತ್ತಿರುತ್ತದೆ. ಬೆತ್ಲೆಹೇಮಿನ ಕೊಟ್ಟಿಗೆಗೆ ಯುರೋಪಿನ ಉಣ್ಣೆ ಕುರಿ ಹೇಗೆ ಬಂತು ಅನ್ನುವ ಪ್ರಶ್ನೆಯನ್ನು ಆ ಹುಡುಗ ರೇಟಿನ ಭಾಷೆಯಲ್ಲಿ ಎತ್ತಿದ್ದ. ಅಪ್ಪ ಆ ಅವಕಾಶ ಬಿಡಲಿಲ್ಲ. ಕುರಿ ಜಾತಿಯದಲ್ಲ ಅಂತ ಇನ್ನೂ ಇಪ್ಪತ್ತು ರೂಪಾಯಿ ಇಳಿಸಿಕೊಂಡ.

ಸಂಡೇ ಸ್ಕೂಲಿನ ನಾಟಕದ ಸಾಮಾನಿಗೂ ಜನ ಇಲ್ಲಿಗೇ ಬರುತ್ತಾರೆ. ಜ್ಞಾನಿಗಳಿಗೆ ರಟ್ಟಿನ ಕಿರೀಟ ಬೇಕು, ದೇವದೂತರಿಗೆ ಥರ್ಮಾಕೋಲ್ ರೆಕ್ಕೆ ಬೇಕು, ಹೆರೋದ ರಾಜನಿಗೆ ಜರಿಯ ಪಟ್ಟಿ ಬೇಕು. ಕುರುಬರ ಪಾತ್ರಕ್ಕೆ ಮಾತ್ರ ನಮ್ಮ ಕಡೆಯ ಸಭೆಗಳವರು ಏನೂ ಕೊಳ್ಳುವುದಿಲ್ಲ. ಕಂಬಳಿ, ಕೋಲು, ರುಮಾಲು ಮನೆಯಲ್ಲೇ ಇರುತ್ತವೆ. ಹೊಲಕ್ಕೆ ಹೊರಟ ಅಜ್ಜನಿಂದ ಇಸಕೊಂಡರೆ ಮುಗಿಯಿತು. ಹಬ್ಬದ ತಿಂಡಿಗೂ ಹೊಸತಾಗಿ ಕಲಿಯಬೇಕಾದ್ದಿಲ್ಲ. ದೀಪಾವಳಿಗೆ ಮಾಡುವ ಕರ್ಚಿಕಾಯಿ, ಚಕ್ಕುಲಿ, ಶಂಕರಪಾಳಿಯೇ ನಾತಾಳಕ್ಕೂ. ಕೇಕು ಬೇಕರಿಯಿಂದ ಬರುತ್ತದೆ, ಗೌರವಕ್ಕೆ ಕತ್ತರಿಸುತ್ತಾರೆ. ತಟ್ಟೆ ಖಾಲಿಯಾಗುವುದು ಚಕ್ಕುಲಿಯದು.

ಕಾರ್ಡಿನ ಸ್ಟ್ಯಾಂಡು ಈಗ ಅಂಗಡಿಯ ಮೂಲೆಯಲ್ಲಿ ನಿಂತಿದೆ. ತಿರುಗಿಸಿದರೆ ಕಿರುಗುಟ್ಟುತ್ತದೆ, ಅದನ್ನು ತಿರುಗಿಸುವವರೇ ಕಡಿಮೆ. ಕ್ರಿಸ್ಮಸ್ ಕಾರ್ಡು ಎಂಬ ಸರಕು ಪೇಟೆಗೆ ಬಂದದ್ದು 1843ರಲ್ಲಿ, ಲಂಡನ್ನಿನಲ್ಲಿ. ಹೆನ್ರಿ ಕೋಲ್ ಎಂಬವರು ಚಿತ್ರಕಾರ ಹಾರ್ಸ್ಲೆಯವರಿಂದ ಬರೆಸಿ ಅಚ್ಚು ಹಾಕಿಸಿದರು. ಡಿಕನ್ಸ್‌ನ ‘ಎ ಕ್ರಿಸ್ಮಸ್ ಕ್ಯಾರಲ್’ ಹೊರಬಂದದ್ದೂ ಆ ವರ್ಷದ ಡಿಸೆಂಬರಿನಲ್ಲೇ. ಅದೇ ವರ್ಷ ಜುಲೈ 1ರಂದು ಮಂಗಳೂರಿನ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ತೆಗೆದು ಕನ್ನಡಕ್ಕೆ ಪತ್ರಿಕೆ ಅನ್ನುವುದೊಂದನ್ನು ಕೊಟ್ಟರು. ಮೋಗ್ಲಿಂಗರ ಪತ್ರಿಕೆ ಒಂದು ವರ್ಷಕ್ಕೇ ಹೆಸರು, ಊರು ಬದಲಿಸಿಕೊಂಡು ಬಳ್ಳಾರಿಗೆ ಹೋಯಿತು. ಕಾರ್ಡು ಮಾತ್ರ ನೂರೈವತ್ತು ವರ್ಷ ಮೆರೆದು ಮೊನ್ನೆ ಮೊನ್ನೆ ಮೊಬೈಲಿಗೆ ಸೋತಿತು. ಈಗ ಕಾರ್ಡು ಕೊಳ್ಳುವವರು ಎರಡೇ ಬಗೆ ಅಂತ ಕಾಕಾರ ಲೆಕ್ಕ: ಪೆನ್ಶನ್ ಆದವರು, ಹೊಸದಾಗಿ ಪ್ರೀತಿಗೆ ಬಿದ್ದವರು.

ನಾನು ಹೋಗುವುದು ಹಿಂದಿನ ಗೋಡೆಗಾಗಿ. ಅಲ್ಲಿ ಮೇಲಿನ ಸಾಲು ಮರಾಠಿ: ಪವಿತ್ರ ಶಾಸ್ತ್ರ, ನಾರಾಯಣ ವಾಮನ ಟಿಳಕರ ಹಾಡುಗಳಿರುವ ಭಕ್ತಿಗೀತೆಯ ಪುಸ್ತಕ, ಅವರ ಹೆಂಡತಿ ಲಕ್ಷ್ಮೀಬಾಯಿಯವರ ‘ಸ್ಮೃತಿಚಿತ್ರೆ’. ನಡುವಿನ ಸಾಲು ಇಂಗ್ಲಿಷು. ಕೆಳಗಿನ ಸಾಲು ಕನ್ನಡ: ಸತ್ಯವೇದ, ಹೊಸ ಒಡಂಬಡಿಕೆ, ಹಾಡಿನ ಪುಸ್ತಕ. ಹಿಂದೆ ಮಿರಜ ಜಂಕ್ಷನ್ನಿನಲ್ಲಿ ಮೂರು ಅಳತೆಯ ಹಳಿಗಳು ಕೂಡುತ್ತಿದ್ದವು. ಪುಣೆಗೆ ಬ್ರಾಡ್‌ಗೇಜು, ಬೆಳಗಾವಿ ಲೋಂಡಾ ಕಡೆಗೆ ಮೀಟರ್‌ಗೇಜು, ಪಂಢರಪುರ ಕುರ್ಡುವಾಡಿ ಕಡೆಗೆ ನ್ಯಾರೋಗೇಜು. ಈ ಕಡೆಯದರಲ್ಲೇ ‘ಜತ್ ರೋಡ್’ ಸ್ಟೇಷನ್ನು. ಹೆಸರು ನಮ್ಮದು, ಊರು ದೂರ. ಈಗ ಎಲ್ಲವೂ ಬ್ರಾಡ್‌ಗೇಜಾಗಿವೆ. ಮೂರು ಅಳತೆ ಉಳಿದಿರುವುದು ಆ ಗೋಡೆಯ ಮೇಲೆ ಮಾತ್ರ. ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟಬೇಕಾದವರು ಹಳೆಯ ಜಂಕ್ಷನ್ನಿನ ಪ್ರಯಾಣಿಕರಂತೆ ಗಂಟು ಇಳಿಸಿ ಮತ್ತೆ ಹತ್ತಬೇಕು.

ಒಬ್ಬ ಆಯಿ ಹಾಗೆ ದಾಟುವುದನ್ನು ನೋಡಿದ್ದೇನೆ. ಇಳಕಲ್ ಸೀರೆ, ಕೈಯಲ್ಲಿ ದವಾಖಾನೆಯ ಫೈಲಿರುವ ಪ್ಲಾಸ್ಟಿಕ್ ಚೀಲ, ಜೊತೆಗೆ ಕಾಲೇಜು ಓದುವ ಮೊಮ್ಮಗ.

“ತಮ್ಮಾ, ಸತ್ಯವೇದ ಕೊಡು. ಅಕ್ಷರ ದೊಡ್ಡಾವು ಇರಬೇಕು.”

ಕಾಕಾ ಕೆಳಗಿನ ಸಾಲಿನಿಂದ ಒಂದು ತೆಗೆದುಕೊಟ್ಟರು. ಆಯಿ ನಡುಪುಟ ಬಿಚ್ಚಿ, ಕೈ ಉದ್ದ ಮಾಡಿ ದೂರ ಹಿಡಿದು, ಕಣ್ಣು ಕಿರಿದು ಮಾಡಿ ಒಂದು ಸಾಲು ಓದಿದಳು. ಆಗಲಿಲ್ಲ. ಇನ್ನೂ ದೊಡ್ಡಕ್ಷರದ್ದು ಬೇಕು. ಇದ್ದ ಒಂದನ್ನು ಇಳಿಸಿದರು. ಜೋಳದ ಚೀಲದ ತೂಕ ಅದಕ್ಕೆ. ಆಯಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಓಡಿಸುತ್ತ ಗಟ್ಟಿಯಾಗಿ ಓದತೊಡಗಿದಳು. ಅಂಗಡಿಯಲ್ಲಿ ಗಿಫ್ಟ್ ಪೇಪರಿನ ಸದ್ದೂ ಕ್ಯಾರಲ್ಲಿನ ಸದ್ದೂ ನಡೆದೇ ಇದ್ದವು, ಆಕೆಗೆ ಅದರ ಖಬರಿರಲಿಲ್ಲ.

“ಆಯಿ, ಇದನ್ನ ಮೊಬೈಲದಾಗ ಹಾಕಿಕೊಡತೀನಿ, ಅದ ಓದಿ ಹೇಳತೈತಿ,” ಅಂದ ಮೊಮ್ಮಗ.

“ಅದು ಓದಿದರ ಅದರ ಪುಣ್ಯಾ ಅದಕ್ಕ. ನಾ ಓದೂದು ಬ್ಯಾಡೇನು?”

ಮೊಮ್ಮಗ ಮರಾಠಿ ಶಾಲೆಯಲ್ಲಿ ಓದಿದವನು. ಮಾತು ಕನ್ನಡ, ಅಕ್ಷರ ಮರಾಠಿ. ಅವನಿಗೆ ಮೇಲಿನ ಸಾಲಿನಿಂದ ಒಂದು ಸಣ್ಣದು ತೆಗೆದದ್ದಾಯಿತು. ಬಾಗಿಲಿಗೆ ಹಾಕಲು ಬೈಬಲ್ ವಾಕ್ಯದ ಸ್ಟಿಕರು ಇಂಗ್ಲಿಷಿನದು, ಯಾಕೆಂದರೆ ಚಂದದ ಬಣ್ಣ ಅದರಲ್ಲೇ ಇತ್ತು. ಒಂದು ಮನೆ, ಮೂರು ಸಾಲು, ಒಂದು ಬಿಲ್ಲು. ಆಯಿಯ ಪುಸ್ತಕಕ್ಕೆ ಕಾಕಾ ಎಷ್ಟು ಬಿಟ್ಟರು ಅಂತ ನನಗೆ ಕಂಡಿತು. ಬರೆದರೆ ಎಲ್ಲರೂ ಕೇಳುತ್ತಾರೆ.

ಬಿಟ್ಟದ್ದು ಎಲ್ಲಿಂದ ಬಂತು? ನಕ್ಷತ್ರದಿಂದ. ಈ ಅಂಗಡಿಯ ಅರ್ಥಶಾಸ್ತ್ರ ಇಷ್ಟೇ: ಡಿಸೆಂಬರಿನ ಮೂರು ವಾರದ ಥಳಕು ಉಳಿದ ವರ್ಷದ ಕಾಗದವನ್ನು ಸಾಕುತ್ತದೆ. ಕೀಚೈನು, ಮೇಣಬತ್ತಿ, ಸಾಂತಾನ ಟೊಪ್ಪಿಗೆ ಇವುಗಳ ಮೇಲೆ ಹುಟ್ಟಿದ ಲಾಭ ಕೆಳಗಿನ ಸಾಲಿಗೆ ಇಳಿಯುತ್ತದೆ. ಗಂಭೀರ ಓದುಗರು ಇಂಥ ಅಂಗಡಿಗಳನ್ನು ಕಂಡು ಮೂಗು ಮುರಿಯುವುದುಂಟು. ಆದರೆ ಕನ್ನಡದ ಮಟ್ಟಿಗೆ ಆ ಮೂಗು ಅಷ್ಟು ಸುಲಭಕ್ಕೆ ಮುರಿಯುವಂಥದಲ್ಲ. ಇಡೀ ಬೈಬಲ್ಲು 1831ರಷ್ಟು ಹಿಂದೆಯೇ ಕನ್ನಡದಲ್ಲಿ ಬಂದಿತ್ತು, ಬಳ್ಳಾರಿಯ ಜಾನ್ ಹ್ಯಾಂಡ್ಸರ ಶ್ರಮದಿಂದ. ವಾನ್ಲೆಸ್ ಮಿರಜದಲ್ಲಿ ಆಸ್ಪತ್ರೆ ತೆರೆದ 1894ರಲ್ಲೇ ಮಂಗಳೂರಿನಲ್ಲಿ ಕಿಟ್ಟೆಲ್ಲರ ಕನ್ನಡ ಇಂಗ್ಲಿಷ್ ನಿಘಂಟು ಹೊರಬಂತು, 1752 ಪುಟ. ಪ್ರಕಟಿಸಿದವರು ಬಾಸೆಲ್ ಮಿಷನ್ ಬುಕ್ ಅಂಡ್ ಟ್ರ್ಯಾಕ್ಟ್ ಡಿಪಾಸಿಟರಿ. ಅಂದರೆ ಧರ್ಮದ ಕಿರುಹೊತ್ತಗೆ ಮಾರುವ ಮಳಿಗೆಯ ಹೆಸರಿನಲ್ಲೇ ನಮ್ಮ ದೊಡ್ಡ ನಿಘಂಟು ಬಂದದ್ದು. ಅದೇ ಊರಿನಲ್ಲಿ ಅದೇ ಮಿಷನ್ನು ಹಂಚು ಸುಡುತ್ತಿತ್ತು, ಬಟ್ಟೆ ನೇಯಿಸುತ್ತಿತ್ತು. ಹಂಚಿಗಿದ್ದಷ್ಟು ಗಿರಾಕಿ ನಿಘಂಟಿಗೆ ಇದ್ದಿರಲಾರದು. ಪುಸ್ತಕ ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಅಂತ ಹಟ ಹಿಡಿದಿದ್ದರೆ ಬಹಳಷ್ಟು ಪುಸ್ತಕ ನಿಲ್ಲುತ್ತಲೇ ಇರಲಿಲ್ಲ.

ಹಬ್ಬದ ವ್ಯಾಪಾರಕ್ಕೆ ಗಡಿಯ ಬಿಸಿಯೂ ತಟ್ಟುತ್ತದೆ. ನೀರು ಸಿಗದ ಸಿಟ್ಟಿನಲ್ಲಿ ಜತ್ತದ ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆಂದು ಹಿಂದೆ ಮಾಡಿದ್ದ ಠರಾವು 2022ರ ನವೆಂಬರಿನಲ್ಲಿ ಮತ್ತೆ ಸುದ್ದಿಯಾಯಿತು. ಡಿಸೆಂಬರಿನ ಮೊದಲ ವಾರ ಎರಡೂ ಕಡೆ ವಾಹನಗಳಿಗೆ ಮಸಿ, ಕಲ್ಲು, ಬಸ್ಸುಗಳು ನಿಂತವು. ಆ ವರ್ಷ ಕಾಕಾರ ಕನ್ನಡ ಕ್ಯಾಲೆಂಡರಿನ ಪಾರ್ಸೆಲ್ಲು ಗಡಿಯಾಚೆಯೇ ಕೂತು, ನಾತಾಳ ಮುಗಿದ ಮೇಲೆ ಬಂತು. ವಾಕ್ಯದ ಕ್ಯಾಲೆಂಡರಿಗೆ ಮೊದಲೇ ಕಾಲನಿರ್ಣಯದ ಪೈಪೋಟಿ. ಅದರಲ್ಲಿ ಏಕಾದಶಿಯಿಂದ ಈದಿನವರೆಗೆ, ನಾತಾಳವೂ ಸೇರಿ ಎಲ್ಲ ಇರುತ್ತದೆ, ಗೋಡೆಯಲ್ಲಿ ಮೊಳೆ ಇರುವುದು ಒಂದೇ. ತಡವಾಗಿ ಬಂದ ಕ್ಯಾಲೆಂಡರನ್ನು ಕಾಕಾ ದೊಡ್ಡಕ್ಷರದ ಗಿರಾಕಿಗಳಿಗೆ ಪುಗಸಟ್ಟೆ ಹಂಚಿದರು.

25 ಮುಗಿದರೂ ಸುಗ್ಗಿ ಮುಗಿಯುವುದಿಲ್ಲ. 31ರ ರಾತ್ರಿಯ ಆರಾಧನೆಗೆ ವಾಗ್ದಾನದ ಕಾರ್ಡು ಬೇಕು. ಬೆರಳುದ್ದದ ಚೀಟಿ, ಒಂದೊಂದರ ಮೇಲೆ ಒಂದೊಂದು ವಾಕ್ಯ. ಹೊಸ ವರ್ಷ ಹುಟ್ಟಿದ ಗಳಿಗೆಯಲ್ಲಿ ಸಭೆಯವರೆಲ್ಲ ತಟ್ಟೆಯಿಂದ ಒಂದೊಂದು ಎತ್ತುತ್ತಾರೆ, ಬಂದ ವಾಕ್ಯ ವರ್ಷವಿಡೀ ಅವರದು. ಹಳ್ಳಿಯ ಪಾಸ್ಟರೊಬ್ಬರು ಕಟ್ಟು ಬಿಚ್ಚಿ ಒಂದೊಂದೇ ಓದಿ ಬೇರೆ ಮಾಡುತ್ತಿದ್ದರು. ಕಷ್ಟ ತಾಳಿಕೋ ಎನ್ನುವವು ಒಂದು ಕಡೆ, ಬೆಳೆ, ಮಳೆ, ಆಶೀರ್ವಾದ ಇನ್ನೊಂದು ಕಡೆ. ಎರಡನೆಯ ಗುಂಪನ್ನಷ್ಟೇ ತಗೊಂಡರು. “ಮಂದಿ ಮೊದಲ ತಾಳಿ ತಾಳಿ ಸಾಕಾಗ್ಯಾರ ಸರ್, ಮಳಿದು ಹೆಚ್ಚ ಕೊಡ್ರಿ,” ಅಂದರು. ಜತ್ತದ ಮಳೆ ಬಲ್ಲವರು ಯಾರೂ ಈ ಆಯ್ಕೆಯನ್ನು ತಪ್ಪೆನ್ನಲಾರರು.

ಸಂಕ್ರಾಂತಿಯ ಹೊತ್ತಿಗೆ ಅಂಗಡಿಯಲ್ಲಿ ಲೆಕ್ಕ. ಉಳಿದ ನಕ್ಷತ್ರ ಮಡಚಿ ಅಟ್ಟಕ್ಕೆ, ಮುಂದಿನ ವರ್ಷಕ್ಕೆ ನಡೆಯುತ್ತದೆ. ಉಳಿದ ಕ್ಯಾಲೆಂಡರು ರದ್ದಿಗೆ. ಉಳಿದ ಪುಸ್ತಕ ಮುಂಭಾಗಕ್ಕೆ ವಾಪಸ್ಸು. ಹೋದ ಸಲ ಗಲ್ಲಾದ ದುಡ್ಡು ಎಣಿಸುತ್ತ ಕಾಕಾ ಬೆಂಗಳೂರಿಗೆ ಫೋನು ಹಚ್ಚಿ ಕನ್ನಡದ ಆರ್ಡರು ಕೊಡುತ್ತಿದ್ದರು. “ದೊಡ್ಡಕ್ಷರದ್ದು ಎರಡು ಹೆಚ್ಚಿಗೆ ಕಳಸ್ರಿ,” ಅಂದರು. ಫೋನು ಇಟ್ಟ ಮೇಲೆ ನನ್ನ ಕಡೆ ತಿರುಗಿ, ಮಾಡಗ್ಯಾಳ ಕುರಿಯ ಗೊಂಬೆ ಮಾಡುವವರು ಯಾರಾದರೂ ನಿಮ್ಮ ಕಡೆ ಇದ್ದಾರೇನು ಅಂತ ಕೇಳಿದರು. ರೇಟು ಏರಿಸಬಹುದಲ್ಲ.