ಕ್ಲಚ್ ಪೆಡಲ್ಲೇ ಇಲ್ಲದ ಕಾರು, ಅದರ ವಾರಂಟಿ

ನಮ್ಮ ಬದಿಯಲ್ಲಿ ಈಗ ಕಾರು ಓಡ್ಸ ಹೆಂಗಸ್ರು ಬೇಕಾದಷ್ಟು ಜನ ಇದ್ದ. ಸಾಗರ ಪೇಟೆಗೆ, ಹೊಸನಗರದ ತವರುಮನೆಗೆ, ತೀರ್ಥಹಳ್ಳಿ ಕಡೆ ಮದುವೆಗೆ ಹೇಳಿ ಒಬ್ಬೊಬ್ರೇ ಹೊರಡ್ತ. ಗೇರು ತಾನೇ ಬೀಳುವ ಕಾರು ಬಂದ ಮೇಲಂತೂ ಎಡಗಾಲಿಗೆ ಕೆಲಸವೇ ಇಲ್ಲೆ. ಆದರೆ ಆ ಗೇರ್‌ಬಾಕ್ಸ್ ಕೈಕೊಟ್ಟರೆ ದುಡ್ಡು ಯಾರು ಕೊಡವು? ಒಂದೊಂದು ದೇಶದಲ್ಲಿ ಒಂದೊಂದು ಲೆಕ್ಕ.

ಹೊಸನಗರದ ಅತ್ತಿಗೆಯ ಕಾರು ಕಳೆದ ಮಳೆಗಾಲದಲ್ಲಿ ಹುಲಿಕಲ್ ಘಾಟಿ ಹತ್ತುವಾಗ ಜರ್ಕ್ ಹೊಡೆಯಲೆ ಶುರುವಾತು. ತಗಂಡು ಎರಡು ವರ್ಷವೂ ಆಗಿತ್ತಿಲ್ಲೆ. ಸರ್ವಿಸ್ ಸೆಂಟರಿನ ಹುಡುಗ, "ಮೇಡಂ, ನೀವು ಘಾಟಿಯಲ್ಲಿ ಹಾಫ್ ಕ್ಲಚ್ ಹಿಡಿದು ಓಡಿಸ್ತೀರಿ. ಕ್ಲಚ್ಚು ವಾರಂಟಿಯಲ್ಲಿ ಬರಲ್ಲ" ಅಂದನಡ. ಅತ್ತಿಗೆ ಬಿಡುವ ಜನವಾ? "ಪೆಡಲ್ಲೇ ಇಲ್ಲದ ಕಾರಲ್ಲಿ ಹಾಫ್ ಕ್ಲಚ್ ಹಿಡಿಯೋದು ಹೇಗಪ್ಪಾ? ನೀನೇ ತೋರಿಸು" ಹೇಳಿ ಕೇಳಿದ್ದು.

ಆಸ್ಟ್ರೇಲಿಯಾದಲ್ಲಿಪ್ಪ ಚಿಕ್ಕಮ್ಮನ ಮಗಳಿಗೆ ಫೋನಲ್ಲಿ ಇದನ್ನು ಹೇಳಿದ್ರೆ ಅದು ನಕ್ಕಿದ್ದೇ ನಕ್ಕಿದ್ದು. ಅಲ್ಲಿಯೂ ಇದೇ ಮಾತು ಕೋರ್ಟಿನವರೆಗೆ ಹೋಗಿತ್ತಡ. ಫೋರ್ಡ್ ಕಂಪನಿಯ ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಕಾರಿನ ಪವರ್‌ಶಿಫ್ಟ್ ಗೇರ್‌ಬಾಕ್ಸ್ ನಡುಗುತ್ತು ಹೇಳಿ ಜನ ದೂರು ಕೊಟ್ಟರೆ, ನೀವು ಓಡಿಸುವ ರೀತಿಯೇ ಸರಿಯಿಲ್ಲ ಹೇಳಿ ಕೆಲವರನ್ನು ವಾಪಸ್ ಕಳಿಸಿದ್ದ. ಅಲ್ಲಿನ ಗ್ರಾಹಕ ಆಯೋಗ ಕೇಸು ಹಾಕಿ, 2018ರಲ್ಲಿ ಫೆಡರಲ್ ಕೋರ್ಟು ಕಂಪನಿಗೆ ಒಂದು ಕೋಟಿ ಡಾಲರ್ ದಂಡ ಹಾಕಿದ್ದು. 2011ರಿಂದ ಆ ದೇಶದಲ್ಲಿ ಜಾರಿಯಲ್ಲಿಪ್ಪ ಕಾನೂನಿನ ಪ್ರಕಾರ, ಕಂಪನಿಯ ವಾರಂಟಿ ಮುಗಿದರೂ ಗ್ರಾಹಕರ ಹಕ್ಕು ಮುಗಿತಿಲ್ಲೆ. ವಸ್ತು ನ್ಯಾಯವಾಗಿ ಬಾಳುವಷ್ಟು ಕಾಲ ಬಾಳವು.

ಚೀನಾದ ಕತೆ ಇನ್ನೊಂದು. ಫೋಕ್ಸ್‌ವ್ಯಾಗನ್ ಕಂಪನಿಯ ಡಿಎಸ್‌ಜಿ ಗೇರ್‌ಬಾಕ್ಸಿನ ಬಗ್ಗೆ ಜನ ಗಲಾಟೆ ಮಾಡಿದ ಮೇಲೆ 2012ರಲ್ಲಿ ಅಲ್ಲಿ ಅದರ ವಾರಂಟಿಯನ್ನು 10 ವರ್ಷ ಅಥವಾ 1,60,000 ಕಿಲೋಮೀಟರಿಗೆ ಏರಿಸಿದ. ಮರುವರ್ಷ ಗ್ರಾಹಕರ ದಿನದ ಟಿವಿ ಕಾರ್ಯಕ್ರಮದಲ್ಲಿ ಮತ್ತೆ ಆ ವಿಷಯ ಬಂದು, 3,84,181 ಕಾರು ವಾಪಸ್ ಕರೆಸವು ಹೇಳಿ ಆತು.

ಬರೆದುಕೊಡುವ ವಾರಂಟಿಯೂ ಹಾಂಗೇ. ಹುಂಡೈ ಅಮೆರಿಕದಲ್ಲಿ ಮೊದಲ ಓನರಿಗೆ ಎಂಜಿನ್ನು, ಗೇರ್‌ಬಾಕ್ಸಿಗೆ 10 ವರ್ಷ ಅಥವಾ ಒಂದು ಲಕ್ಷ ಮೈಲಿ ಕೊಡ್ತು. ನಮ್ಮಲ್ಲಿ ಮಾರುತಿ 2024ರ ಜುಲೈವರೆಗೂ 2 ವರ್ಷ ಅಥವಾ 40,000 ಕಿಲೋಮೀಟರ್ ಕೊಡ್ತಾ ಇತ್ತು, ಆಮೇಲೆ 3 ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್ ಮಾಡಿದ್ದು. ವರ್ಷ, ಕಿಲೋಮೀಟರ್ ಯಾವುದು ಮೊದಲು ಮುಗಿತೋ ಅಲ್ಲಿಗೆ ಆತು. ದಿನಾ ಸಾಗರ–ಶಿವಮೊಗ್ಗ ತಿರುಗುವವಕ್ಕೆ ಕಿಲೋಮೀಟರೇ ಮೊದಲು ಮುಗಿಯದು.

ಹಾಂಗೆ ಹೇಳಿ ನಂಗ ಕೈಕಟ್ಟಿ ಕೂರ ಅಗತ್ಯ ಇಲ್ಲೆ. ವಾರಂಟಿ ಪುಸ್ತಕದಲ್ಲಿ ಕ್ಲಚ್ ಪ್ಲೇಟನ್ನು ಟೈರು, ಬ್ರೇಕ್ ಪ್ಯಾಡಿನ ಸಾಲಲ್ಲಿ, ಸವೆಯುವ ಭಾಗ ಹೇಳಿ ಸಾಮಾನ್ಯವಾಗಿ ಹೊರಗಿಟ್ಟಿರ್ತ. ಏರಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಮೇಲೇ ಕಾರು ನಿಲ್ಲಿಸಿಕೊಂಡರೆ ಪೆಡಲ್ ಇಲ್ಲದ ಕಾರಿನ ಕ್ಲಚ್ಚೂ ಸವೀತು, ಅದು ನಿಜವೇ. ಆದರೆ ನಂಗಳ ಎಡಗಾಲಿನ ಬದಲು ಕ್ಲಚ್ ಒತ್ತುವ ಆಕ್ಚುಯೇಟರ್ ಹೇಳ ಭಾಗ ಬೇರೆ. ಅದು ಕೆಟ್ಟರೂ ಕಾರು ಹಾಂಗೇ ಜರ್ಕ್ ಹೊಡಿತು. ಯಾವುದು ಕೆಟ್ಟಿದ್ದು ಹೇಳಿ ಪರೀಕ್ಷೆ ಮಾಡದೇ "ಕ್ಲಚ್ಚು" ಅಂದುಬಿಟ್ಟರೆ ಖರ್ಚು ನಮ್ಮ ತಲೆಗೆ.

ಅತ್ತಿಗೆ ಮಾಡಿದ್ದು ಇಷ್ಟೆ. ದೂರನ್ನು ತನ್ನ ಮಾತಲ್ಲೇ ಜಾಬ್ ಕಾರ್ಡಿನಲ್ಲಿ ಬರೆಸಿ, ತಾರೀಕು, ಕಿಲೋಮೀಟರ್ ಹಾಕಿಸಿ, ಒಂದು ಪ್ರತಿ ಇಸ್ಕಂಡು ಬಂತು. ಎರಡನೇ ಸಲ ಮೆಕ್ಯಾನಿಕ್ಕನ್ನು ಪಕ್ಕಕ್ಕೆ ಕೂರಿಸಿಕೊಂಡು ಏರು ರಸ್ತೆಗೆ ತಾನೇ ಓಡಿಸ್ಕಂಡು ಹೋತು. ವಾರಂಟಿ ಇಲ್ಲೆ ಹೇಳುವುದಾದರೆ ಕಾರಣ ಬರೆದುಕೊಡಿ ಹೇಳಿ ಕೂತ್ಗಂತು. ಬರೆದುಕೊಡಲಿಲ್ಲೆ, ಬಿಚ್ಚಿ ನೋಡಿದ. ಆಕ್ಚುಯೇಟರೇ ಕೆಟ್ಟಿತ್ತು. ದುಡ್ಡಿಲ್ಲದೇ ಬದಲಾಯಿಸಿ ಕೊಟ್ಟ.

ಅಷ್ಟಕ್ಕೂ ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಕ್ಕು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿ ಯಾವ ಊರಿನದ್ದಾದರೂ, ನಂಗ ವಾಸ ಮಾಡುವ ಜಿಲ್ಲೆಯಲ್ಲೇ, ಅಂದರೆ ಶಿವಮೊಗ್ಗದ ಆಯೋಗದಲ್ಲೇ ದೂರು ಕೊಡಕ್ಕು. ಐದರಿಂದ ಹತ್ತು ಲಕ್ಷದೊಳಗೆ ಕೊಟ್ಟು ತಗಂಡ ಕಾರಾದರೆ ಶುಲ್ಕ 200 ರೂಪಾಯಿ. ಎರಡು ವರ್ಷದೊಳಗೆ ಕೊಡವು, ಅದೊಂದು ನೆನಪಿರಲಿ.

ವಾರಂಟಿ ಪುಸ್ತಕ ಹೆಚ್ಚಿನ ಮನೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಒಳಗೇ ಇರ್ತು. ಈ ವಾರ ಒಂದ್ಸಲ ಹೊರಗೆ ತೆಗೆದು, ಯಾವ ತಾರೀಕಿಗೆ ಮುಗಿತು ಹೇಳಿ ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಗಳಿ. ಏನಾದರೂ ಸದ್ದು, ಜರ್ಕ್ ಇದ್ದರೆ ಅದರೊಳಗೇ ಬರೆಸಿಬಿಡಿ. ಓಡ್ಸದು ಹೆಂಗಸು ಹೇಳಿ ಯಾರಾದರೂ ತಪ್ಪನ್ನು ನಿಂಗಳ ಕಾಲಿನ ಮೇಲೆ ಹಾಕಿದರೆ, ಅತ್ತಿಗೆ ಕೇಳಿದ ಹಾಂಗೇ ಕೇಳಿ.