ನೀರಿಲ್ಲದ ದೋಣಿ

ದೋಣಿಗೂ ಕಬ್ಬೂರಿಗೂ ಸಂಬಂಧವೇನೆಂದು ಯಾರಾದರೂ ಕೇಳಿಯಾರು. ಚಿಕ್ಕೋಡಿ ತಾಲ್ಲೂಕಿನ ಈ ಊರಿನವರು ಕೃಷ್ಣೆಯ ದರ್ಶನಕ್ಕೆ ಯಡೂರಿನ ಕಡೆಗೆ ಹೋಗಬೇಕು. ಹೀಗಿದ್ದೂ ಇಲ್ಲಿಯ ಪಡಸಾಲೆಯೊಂದರಲ್ಲಿ ಹುಟ್ಟುಹಾಕುವ ಯಂತ್ರವೊಂದು ಬಂದು ನೆಲೆಸಿತೆಂದರೆ ಅದನ್ನು ಕಾಲಮಹಿಮೆಯೆಂದೇ ಹೇಳಬೇಕು.

ಯಂತ್ರದ ಒಡೆಯರು ಕುರ್ಚಿಯ ಉದ್ಯೋಗದಲ್ಲಿಯೇ ಐವತ್ತನ್ನು ಮುಟ್ಟಿದವರು. ಕಬ್ಬಿನ ಸೀಮೆಯವರಾದುದರಿಂದಲೋ ಏನೋ, ಅವರ ರಕ್ತದಲ್ಲಿಯೂ ಸಕ್ಕರೆ ಮಿತಿಮೀರಿತು. ವೈದ್ಯರು ವ್ಯಾಯಾಮವನ್ನು ವಿಧಿಸಿದರು. ಧಾರವಾಡದಲ್ಲಿದ್ದ ಮಗ ಯಂತ್ರವನ್ನು ಕಳುಹಿಸಿಕೊಟ್ಟ.

ಅದರ ರಚನೆ ಸರಳ. ಕಂಬಿಯ ಮೇಲೆ ಜಾರುವ ಪೀಠ, ಪಾದಗಳಿಗೆ ಪಟ್ಟಿ, ಸರಪಳಿಯ ತುದಿಗೊಂದು ಹಿಡಿ, ಮುಂದೆ ಗಾಳಿಯನ್ನು ಕಡೆಯುವ ಚಕ್ರ. ಜೋರಾಗಿ ಎಳೆದಷ್ಟೂ ಗಾಳಿಯ ತಡೆ ಹೆಚ್ಚುವುದು. ತೋಳುಗಳ ಆಟವೆಂದು ತೋರುವ ಈ ಕೆಲಸದಲ್ಲಿ ಬಹುಪಾಲು ಕಾಲುಗಳದು. ಮೊದಲು ಕಾಲುಗಳಿಂದ ನೂಕಿ, ಬಳಿಕ ಬೆನ್ನನ್ನು ಹಿಂದಕ್ಕೆ ವಾಲಿಸಿ, ಕೊನೆಗೆ ಕೈಗಳನ್ನು ಎಳೆದುಕೊಳ್ಳಬೇಕು. ಮರಳುವಾಗ ಕೈ, ಬೆನ್ನು, ಕಾಲು ಎಂಬ ಕ್ರಮ. ಕ್ರಮ ತಪ್ಪಿದರೆ ಸೊಂಟ ದೂರು ಹೇಳುತ್ತದೆ.

ಮೊದಲ ದಿನ ಒಡೆಯರು ಬೆವರೊರೆಸಿಕೊಳ್ಳುತ್ತ ಎದ್ದಾಗ ಅವರ ವೃದ್ಧ ತಾಯಿ ಕೇಳಿದರು: “ಇಷ್ಟೊತ್ತು ಜಗ್ಗಿದಿಯಲ್ಲ ತಮ್ಮಾ, ಒಂದು ಕೊಡ ನೀರರೆ ಬಂತೇನು?”

ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ರಾಟೆಯ ಹಗ್ಗ ಹಿಡಿದು ನೀರು ಸೇದಿದ ಕೈಗಳವು; ಬೀಸುವ ಕಲ್ಲಿನಿಂದ ಜೋಳದ ಹಿಟ್ಟು ತೆಗೆದ ತೋಳುಗಳವು. ಆಗಿನ ಶ್ರಮಕ್ಕೆ ಕೊಡವೋ ಹಿಟ್ಟೋ ಸಾಕ್ಷಿಯಿರುತ್ತಿತ್ತು. ಬರಿಯ ಗಾಳಿಯನ್ನು ಕಡೆದವರಿಗೆ ಉತ್ತರ ಹೊಳೆಯಲಿಲ್ಲ.

ಉತ್ತರ ಆ ಸೀಮೆಯ ಗರಡಿಮನೆಗಳಲ್ಲಿಯೇ ಇದ್ದಿತು. ಪೈಲವಾನರು ಹೊಡೆದ ದಂಡ, ಬೈಠಕುಗಳಿಂದ ಯಾವ ಕಣಜವೂ ತುಂಬಲಿಲ್ಲ. ಆದರೂ ಅವನ್ನು ಊರವರು ವ್ಯರ್ಥವೆಂದು ಹಳಿಯಲಿಲ್ಲ. ಅಲ್ಲಿ ದೇಹವೇ ಹೊಲ, ಬಲವೇ ಬೆಳೆ. ದೋಣಿಯ ಸ್ಪರ್ಧಾಳುಗಳೂ ದಡದ ಮೇಲೆ ಇಂಥ ಯಂತ್ರದಲ್ಲಿಯೇ ಬಲ ಗಳಿಸುತ್ತಾರೆ. ಅವರಲ್ಲಿ ಒಬ್ಬರಾದ ದತ್ತು ಭೋಕನಳ ನೆರೆಯ ಮಹಾರಾಷ್ಟ್ರದ ನಾಸಿಕ ಜಿಲ್ಲೆಯ ಬರಪೀಡಿತ ಹಳ್ಳಿಯವರು. ತಂದೆಯೊಡನೆ ಬಾವಿ ತೋಡಿದವರು. 2012ರಲ್ಲಿ ಸೈನ್ಯ ಸೇರಿದ ಮೇಲೆಯೇ ಅವರು ಹುಟ್ಟು ಹಿಡಿದದ್ದು. 2016ರ ರಿಯೊ ಒಲಿಂಪಿಕ್ಸಿನ ಒಬ್ಬರ ದೋಣಿ ಸ್ಪರ್ಧೆಯಲ್ಲಿ 13ನೆಯ ಸ್ಥಾನ ಪಡೆದರು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ವರ ತಂಡದಲ್ಲಿದ್ದು ಚಿನ್ನ ಗೆದ್ದರು. ನೀರಿಲ್ಲದ ಊರೂ ದೋಣಿಗೆ ಆಳನ್ನು ಕೊಡಬಲ್ಲುದು.

ಆದರೆ ಗರಡಿಗೂ ಯಂತ್ರಕ್ಕೂ ಒಂದು ಅಂತರವುಂಟು. ಗರಡಿಯಲ್ಲಿ ವಸ್ತಾದನ ಕಣ್ಣಿರುತ್ತಿತ್ತು, ಜೊತೆಗಾರರ ಪೈಪೋಟಿಯಿರುತ್ತಿತ್ತು. ಯಂತ್ರದ ಮೇಲೆ ಮನುಷ್ಯ ಒಬ್ಬಂಟಿ. ಇಂದು ಬೇಡವೆಂದರೆ ಕೇಳುವವರಿಲ್ಲ. ಎಷ್ಟೋ ಮನೆಗಳಲ್ಲಿ ಇಂಥ ಯಂತ್ರಗಳು ಬಟ್ಟೆ ಒಣಹಾಕುವ ಗಳುಗಳಾಗಿ ನಿವೃತ್ತಿ ಹೊಂದುವುದು ಈ ಕಾರಣದಿಂದಲೇ.

ಕಬ್ಬೂರಿನ ಮನೆಯಲ್ಲಿ ಮಾತ್ರ ಹಾಗಾಗಲಿಲ್ಲ. ದಿನವೂ ಮುಂಜಾನೆ ತಾಯಿ ಯಂತ್ರದ ಬದಿಗೆ ಚಾಪೆ ಹಾಸಿ ಕೂಡುತ್ತಾರೆ. ಬೆರಳ ಗೆಣ್ಣಿನ ಮೇಲೆ ಎಳೆತಗಳನ್ನು ಎಣಿಸುತ್ತಾರೆ. ಮಗನ ಕೈ ಸಡಿಲಾದುದು ಕಂಡರೆ ಮೆಲ್ಲನೆ ಹೇಳುತ್ತಾರೆ: “ಜಗ್ಗು ತಮ್ಮಾ, ಕೊಡ ಇನ್ನೂ ತುಂಬಿಲ್ಲ.”